ಹುಲ್ಲು ಕೊಯ್ಯದ ಹುಲ್ಲಿನ ಮೆಷಿನ್ನು

ನಿನ್ನೆ ಸಂಜೆ ಪಕ್ಕದ ಮನೆಯ ಹಿರಿಯಾಕೆ ಬೇಲಿಯ ಮೇಲಿಂದ ಇಣುಕಿ ನೋಡಿದರು. ನಮ್ಮ ಹಿತ್ತಲನ್ನು ಒಂದು ಸಲ, ನನ್ನ ಮುಖವನ್ನು ಒಂದು ಸಲ. ಆಮೇಲೆ ತುಂಬಾ ನಯವಾಗಿ ಕೇಳಿದರು, "ನಿಮ್ಮದು ಇನ್ನೂ ನೋ ಮೋ ಮೇ ನಡೀತಾ ಇದೆಯಾ?"

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡವರಿಗೆ ಇದು ಗೊತ್ತಿರುತ್ತದೆ. ಪ್ಲಾಂಟ್‌ಲೈಫ್ ಅನ್ನುವ ಸಂಸ್ಥೆಯವರು ನಡೆಸುವ ಅಭಿಯಾನ. ಮೇ ತಿಂಗಳಿಡೀ ಲಾನ್ ಕತ್ತರಿಸಬೇಡಿ, ಕಾಡುಹೂವು ಅರಳಲಿ, ಜೇನುಹುಳುಗಳಿಗೆ ಊಟ ಸಿಗಲಿ ಅಂತ. ಒಳ್ಳೆಯ ವಿಚಾರವೇ. ಆದರೆ ಈಗ ಜುಲೈ. ಈ ದೇಶದಲ್ಲಿ ಜನ ಬೈಯುವುದೇ ಹೀಗೆ. ನಗುನಗುತ್ತಾ ಬೈದು ಒಳಗೆ ಹೋಗುತ್ತಾರೆ. ಬೈಸಿಕೊಂಡಿದ್ದು ನಮಗೆ ಗೊತ್ತಾಗುವುದು ಪಾತ್ರೆ ತೊಳೆಯುವಾಗ.

"ಹೌದು, ನಮಗೆ ಜೇನುಹುಳು ಅಂದ್ರೆ ತುಂಬಾ ಇಷ್ಟ" ಅಂದೆ. ಇನ್ನೇನು ಹೇಳಲಿ? ನಮ್ಮ ಶೆಡ್ಡಿನಲ್ಲಿ ಎರಡು ಲಾನ್ ಮೋವರ್ ಇವೆ, ಎರಡೂ ಹುಲ್ಲು ಕತ್ತರಿಸುವುದಿಲ್ಲ ಅಂತ ಹೇಳಲಾ? ಒಂದರ ಬ್ಲೇಡನ್ನು ನಿಯಮದ ಪ್ರಕಾರ ಬಿಚ್ಚಲಾಗಿದೆ. ಇನ್ನೊಂದು ಪಾಪ, ತಳ್ಳಿಕೊಂಡು ಹೋಗುವ ಸಾಧಾರಣ ಮೆಷಿನ್ನು. ಅದರ ಕೇಬಲ್ಲು, ಪೆಟ್ರೋಲ್ ಪೈಪು, ನಾಲ್ಕಾರು ನಟ್ಟು ಬೋಲ್ಟು, ಎಲ್ಲವೂ ಮೊದಲನೆಯದಕ್ಕೆ ದಾನವಾಗಿ ಹೋಗಿವೆ.

ವಿಷಯ ಏನಪ್ಪಾ ಅಂದರೆ, ನಮ್ಮನೆಯವರು ಲಾನ್ ಮೋವರ್ ರೇಸಿಗೆ ಸೇರಿದ್ದಾರೆ.

ಹೌದು, ಅಂಥದ್ದೊಂದು ರೇಸ್ ಇದೆ. ಕೂತು ಓಡಿಸುವ ಹುಲ್ಲಿನ ಮೆಷಿನ್ನಿನ ಬ್ಲೇಡ್ ತೆಗೆದು, ಬೆಲ್ಟು ಓಡುವ ಪುಲ್ಲಿಗಳ ಅಳತೆ ಬದಲಾಯಿಸಿ, ಮುಂದಿನ ಆಕ್ಸಲ್ ಗಟ್ಟಿ ಮಾಡಿ, ಯಾರದೋ ಹೊಲದಲ್ಲಿ ಸುತ್ತು ಹೊಡೆಯುವುದು. ಮನೆಯಲ್ಲಿ ಆಮೆಯ ಹಾಗೆ ಹೋಗುವ ಆ ಮೆಷಿನ್ನು ಅಲ್ಲಿ ಪಳಗಿದವರ ಕೈಯಲ್ಲಿ ಗಂಟೆಗೆ 80 ಕಿಲೋಮೀಟರ್ ಹತ್ತಿರ ಹೋಗುತ್ತದೆ. ಸಸ್ಪೆನ್ಷನ್ ಇಲ್ಲ. ಹೊಲದ ಪ್ರತಿಯೊಂದು ಉಬ್ಬೂ ನೇರವಾಗಿ ಬೆನ್ನುಮೂಳೆಗೇ ತಲುಪುತ್ತದೆ. ರಾತ್ರಿ ಆ ಬೆನ್ನಿಗೆ ಮುಲಾಮು ಹಚ್ಚುವವಳು ನಾನು, ಅದಕ್ಕೇ ಗೊತ್ತು.

ಇದರ ಇತಿಹಾಸವನ್ನು ನಮ್ಮನೆಯವರು ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಬಾಯ್ಲರ್ ರಿಪೇರಿಗೆ ಬಂದವನನ್ನೂ ಬಿಟ್ಟಿಲ್ಲ. 1973ರಲ್ಲಿ, ವೆಸ್ಟ್ ಸಸೆಕ್ಸಿನ ವಿಸ್‌ಬರೋ ಗ್ರೀನ್ ಎಂಬ ಹಳ್ಳಿಯ ಕ್ರಿಕೆಟರ್ಸ್ ಆರ್ಮ್ಸ್ ಪಬ್ಬಿನಲ್ಲಿ ಜಿಮ್ ಗ್ಯಾವಿನ್ ಎಂಬ ಕಾರ್ ರ‍್ಯಾಲಿ ಪ್ರಿಯ ಮತ್ತು ಅವನ ಗೆಳೆಯರು ಕೂತಿದ್ದರಂತೆ. ಮೋಟಾರ್ ರೇಸ್ ಅಂದರೆ ಬರೀ ದುಡ್ಡಿನ ಆಟ ಆಗಿಹೋಯ್ತಲ್ಲ ಅಂತ ಕೊರಗುತ್ತಿದ್ದರಂತೆ. ಎದುರಿಗೆ ಕ್ರಿಕೆಟ್ ಮೈದಾನದಲ್ಲಿ ಒಬ್ಬ ಹುಲ್ಲು ಕತ್ತರಿಸುತ್ತಿದ್ದನಂತೆ. ಅಷ್ಟೇ, ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಎಲ್ಲರ ಮನೆಯಲ್ಲೂ ಒಂದೊಂದು ಮೋವರ್ ಇದ್ದೇ ಇದೆ, ಅದರಲ್ಲೇ ರೇಸ್ ಮಾಡಿದರಾಯಿತು. ಹಾಗೆ ಹುಟ್ಟಿದ್ದು ಬ್ರಿಟಿಷ್ ಲಾನ್ ಮೋವರ್ ರೇಸಿಂಗ್ ಅಸೋಸಿಯೇಷನ್. ಪ್ರಾಯೋಜಕರು ಬೇಡ, ನಗದು ಬಹುಮಾನ ಬೇಡ, ಎಂಜಿನ್ನಿಗೆ ಕೈ ಹಾಕುವಂತಿಲ್ಲ. ದುಡ್ಡು ಮಿಕ್ಕಿದರೆ ದಾನಕ್ಕೆ. ಸ್ಟರ್ಲಿಂಗ್ ಮಾಸ್ ಅಂಥ ದೊಡ್ಡ ರೇಸ್ ಚಾಲಕನೂ ಬಂದು ಇಲ್ಲಿ ಓಡಿಸಿ ಗೆದ್ದಿದ್ದಾನಂತೆ. ನಟ ಆಲಿವರ್ ರೀಡ್ ತನ್ನದೇ ತಂಡ ಕಟ್ಟಿಕೊಂಡು ಬರುತ್ತಿದ್ದನಂತೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮಗಳು ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಅಮೆರಿಕದ ಇಂಡಿಯಾನಾದಲ್ಲಿ ಟ್ವೆಲ್ವ್ ಮೈಲ್ ಅಂತ ಊರಿದೆ. ಅಲ್ಲಿ 1963ರಿಂದಲೇ ಜುಲೈ 4ಕ್ಕೆ ಈ ರೇಸ್ ಮಾಡ್ತಿದ್ದಾರೆ" ಅಂದಳು. ಅವರ ಮುಖ ಸಣ್ಣಗಾಯಿತು. "ಅಮೆರಿಕದವರು ಇದಕ್ಕೆ ದೇಶಕ್ಕೇ ಒಂದು ಸಂಘ ಮಾಡಿಕೊಂಡಿದ್ದು 1992ರಲ್ಲಿ. ಅದೂ ಏಪ್ರಿಲ್ 1ಕ್ಕೆ" ಅಂತಲೂ ಸೇರಿಸಿದಳು. ಅದಕ್ಕೆ ನಾನು ಏನೂ ಹೇಳಲಿಲ್ಲ. ದಿನಾಂಕವೇ ಎಲ್ಲ ಹೇಳುತ್ತಿತ್ತು.

ನನಗೆ ನಿಜಕ್ಕೂ ಉರಿಯುವುದು ರೇಸಿನ ಬಗ್ಗೆ ಅಲ್ಲ. ಒಂದು ಮಾತಿನ ಬಗ್ಗೆ. "ಇದು ಜಗತ್ತಿನಲ್ಲೇ ಅತಿ ಅಗ್ಗದ ಮೋಟಾರ್ ಸ್ಪೋರ್ಟ್ ಕಣೇ."

ಹಳೇ ಮೋವರ್ ಬಂದಾಗ ಈ ಮಾತು ನಂಬಿದೆ. ಅದು ನಿಜವಾಗಿಯೂ ಅಗ್ಗಕ್ಕೇ ಸಿಕ್ಕಿತ್ತು, ಕೊಟ್ಟವನು ಅದನ್ನು ಸಾಗಹಾಕಲು ಕಾಯುತ್ತಿದ್ದ. ಆಮೇಲೆ ಪಾರ್ಸೆಲ್‌ಗಳು ಬರತೊಡಗಿದವು. ಹೆಲ್ಮೆಟ್ ಬಂತು. "ಎಷ್ಟಾಯ್ತು ರೀ?" "ಬೈಕ್ ರೇಸಿನವರ ಹೆಲ್ಮೆಟ್ಟಿಗೆ ಹೋಲಿಸಿದರೆ ಅಗ್ಗ." ಗ್ಲೌಸ್ ಬಂತು, ಬೂಟು ಬಂತು, ಕುತ್ತಿಗೆಗೆ ಹಾಕುವ ಪಟ್ಟಿ ಬಂತು. "ಆಸ್ಪತ್ರೆಗೆ ಹೋಲಿಸಿದರೆ ಅಗ್ಗ." ಇದಕ್ಕೆ ನಾನೂ ಬಾಯಿ ಮುಚ್ಚಿಕೊಂಡೆ. ಕಬ್ಬಿಣದ ಆಕ್ಸಲ್ ಬಂತು. "ರ‍್ಯಾಲಿ ಕಾರಿನ ಆಕ್ಸಲ್ ರೇಟು ಗೊತ್ತಾ ನಿನಗೆ?" ಗೊತ್ತಿಲ್ಲ. ಯಾಕೆ ಗೊತ್ತಿರಬೇಕು? ಸೊಪ್ಪು ತರಕಾರಿ ತರಲು ಹೋದಾಗ ನಾನು ರ‍್ಯಾಲಿ ಕಾರಿನ ಆಕ್ಸಲ್ ರೇಟು ವಿಚಾರಿಸಿಕೊಂಡು ಬರುವುದಿಲ್ಲ.

ಕೊನೆಗೆ ಟ್ರೇಲರ್ ಬಂತು. ಮೋವರನ್ನು ರೇಸ್ ನಡೆಯುವ ಹೊಲಕ್ಕೆ ಸಾಗಿಸಬೇಕಲ್ಲ. ಟ್ರೇಲರ್ ಎಳೆಯಲು ಕಾರಿಗೆ ಹಿಂದೆ ಕೊಂಡಿ ಹಾಕಿಸಬೇಕಾಯಿತು. ಎರಡೂ ಸೇರಿ ಮೋವರಿಗಿಂತ ಎಷ್ಟೋ ಪಾಲು ಜಾಸ್ತಿ ಪೌಂಡು ನುಂಗಿದವು. ಅಂದು ನಾನು ಏನೂ ಕೇಳಿರಲಿಲ್ಲ, ಸುಮ್ನೆ ನೋಡಿದ್ದೆ ಅಷ್ಟೇ. ಅವರೇ, "ಫಾರ್ಮುಲಾ ವನ್ ತಂಡಗಳ ಸಾಮಾನು ಸಾಗಿಸೋಕೆ ವಿಮಾನವನ್ನೇ ಬಾಡಿಗೆಗೆ ತಗೋತಾರೆ, ಅದಕ್ಕೆ ಹೋಲಿಸಿದರೆ..." ಅಂತ ಶುರು ಮಾಡಿದರು. ನಾನು ಎದ್ದು ಒಳಗೆ ಹೋದೆ.

ಅತ್ತೆಗೆ ಇದು ಗೊತ್ತಾಗಿದ್ದು ವಿಡಿಯೋ ಕಾಲಿನಲ್ಲಿ. ಇವರು ಹೆಲ್ಮೆಟ್ ಹಾಕಿಕೊಂಡು ಮೋವರ್ ಮೇಲೆ ಕೂತೇ ಫೋನ್ ಎತ್ತಿದ್ದರು.

"ಏನೋ ಅದು? ಹುಲ್ಲು ಕೊಯ್ಯೋಕೆ ಹೆಲ್ಮೆಟ್ ಯಾಕೋ?"

"ಇದು ಹುಲ್ಲು ಕೊಯ್ಯಲ್ಲಮ್ಮ. ಬ್ಲೇಡ್ ತೆಗೆದಿದ್ದೀನಿ."

"ಮತ್ತೆ ಯಾಕೋ ಅದು?"

ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಇಷ್ಟು ದಿನ ಕೇಳಿರಲಿಲ್ಲ. ಅತ್ತೆಯ ಮೇಲೆ ಗೌರವ ಇನ್ನೂ ಹೆಚ್ಚಾಯಿತು. ಇವರು ರೇಸು, 1973, ಪಬ್ಬು ಅಂತ ವಿವರಿಸಿದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ದನಿ ತಗ್ಗಿಸಿ ನನ್ನನ್ನು ಕರೆದು, "ಅವನ ಕೆಲಸ ಇದೆ ತಾನೇ ಅಮ್ಮಾ?" ಅಂತ ಕೇಳಿದರು.

ತಿರುವಿನಲ್ಲಿ ಮೆಷಿನ್ನು ಮಗುಚಬಾರದು ಅಂದರೆ ಓಡಿಸುವವನು ಒಳಗಡೆಗೆ ಮೈ ಚೆಲ್ಲಿ ವಾಲಬೇಕು. ಇದರ ಅಭ್ಯಾಸ ಊಟದ ಮೇಜಿನಲ್ಲಿ ನಡೆಯುತ್ತದೆ. ಎಡಕ್ಕೆ ವಾಲಿದರೆ ತಟ್ಟೆ ಬಲಕ್ಕೆ ಹೋಗುತ್ತದೆ. ಇರಲಿ, ಅದನ್ನು ಬಿಡಿ.

ಮೊದಲ ರೇಸಿನ ದಿನ ನಾನೂ ಮಗಳೂ ಹೋದೆವು. ಅಲ್ಲಿ ಒಂದು ನಿಯಮವಿದೆ. ಮೆಷಿನ್ನಿನ ಎಂಜಿನ್ ಸ್ವಿಚ್ಚಿಗೆ ಒಂದು ಹಗ್ಗ, ಅದರ ಇನ್ನೊಂದು ತುದಿ ಓಡಿಸುವವನ ಮೈಗೆ. ಅವನು ಬಿದ್ದರೆ ಹಗ್ಗ ಎಳೆದು ಎಂಜಿನ್ ತಾನೇ ನಿಲ್ಲಬೇಕು. ಇಲ್ಲವಾದರೆ ಯಜಮಾನನಿಲ್ಲದ ಮೋವರ್ ಪ್ರೇಕ್ಷಕರ ಕಡೆಗೇ ಬಂದೀತು. ಬಹಳ ಬುದ್ಧಿವಂತಿಕೆಯ ಏರ್ಪಾಡು. ಶುರುವಿಗೆ ಮುಂಚೆ ಪ್ರತಿಯೊಂದು ಮೆಷಿನ್ನನ್ನೂ ಪರೀಕ್ಷಿಸುತ್ತಾರೆ. ಬ್ಲೇಡ್ ತೆಗೆದಿದೆಯಾ, ಬ್ರೇಕ್ ಹಿಡಿಯುತ್ತಾ, ಹಗ್ಗ ಎಳೆದರೆ ಎಂಜಿನ್ ನಿಲ್ಲುತ್ತಾ ಅಂತ. ನಮ್ಮದು ಎಲ್ಲದರಲ್ಲೂ ಪಾಸಾಯಿತು. ಹಗ್ಗದ ತುದಿಯನ್ನು ಇವರು ಎಡಗೈ ಮಣಿಕಟ್ಟಿಗೆ ಕಟ್ಟಿಕೊಂಡರು.

ಬಾವುಟ ಬಿತ್ತು. ಹೊಗೆ, ಸದ್ದು, ಧೂಳು. ಮೊದಲ ಸುತ್ತು ಮುಗಿಸಿ ಇವರು ನಮ್ಮ ಎದುರಿಗೆ ಬರುವಾಗ ಮಗಳು "ಅಪ್ಪಾ!" ಅಂತ ಕೂಗಿದಳು. ಅಪ್ಪ ಎಡಗೈ ಎತ್ತಿ ಬೀಸಿದರು.

ಎಂಜಿನ್ ನಿಂತಿತು.

ಮಾರ್ಷಲ್ ಬಾವುಟ ಹಿಡಿದು ಓಡಿ ಬಂದರು. ಇವರು ಸ್ವಿಚ್ ಮತ್ತೆ ಸಿಕ್ಕಿಸಿ, ಶುರು ಮಾಡಿ ಹೊರಟರು. ಮುಂದಿನ ಸುತ್ತಿನಲ್ಲಿ ಇವರು ಬರುವುದು ಕಂಡೊಡನೆ ನಾನು ಎರಡೂ ಕೈ ಆಡಿಸಿ "ಬೇಡ, ಬೇಡ" ಅಂತ ಸನ್ನೆ ಮಾಡಿದೆ. ಹೆಲ್ಮೆಟ್ಟಿನ ಒಳಗಿಂದ ನೋಡುವವರಿಗೆ ಹೆಂಡತಿ ಎರಡು ಕೈಯಲ್ಲಿ ಟಾಟಾ ಮಾಡುವ ಹಾಗೆ ಕಂಡಿರಬೇಕು. ಮದುವೆಯಾದಾಗಿನಿಂದ ನಾನು ಅಷ್ಟು ಉತ್ಸಾಹದಿಂದ ಟಾಟಾ ಮಾಡಿದ್ದಿಲ್ಲ. ಖುಷಿಯಾಗಿ ಇನ್ನೂ ಎತ್ತರಕ್ಕೆ ಕೈ ಬೀಸಿದರು. ಮತ್ತೆ ನಿಂತಿತು.

ಅಷ್ಟು ಹೊತ್ತಿಗೆ ಹುಲ್ಲಿನ ಪೆಂಡಿಗಳ ಆಚೆ ನಿಂತಿದ್ದ ಜನಕ್ಕೆ ಗುಟ್ಟು ಗೊತ್ತಾಯಿತು. ಮಕ್ಕಳು ಮೊದಲು ಶುರು ಮಾಡಿದರು. ಇವರು ಬರುತ್ತಲೇ ಎಲ್ಲರೂ ಕೈ ಬೀಸುವುದು. ಇವರು ಸಂಸ್ಕಾರವಂತರು, ಯಾರಾದರೂ ಕೈ ಬೀಸಿದರೆ ಬೀಸದೆ ಇರುವವರಲ್ಲ. ಎಂಜಿನ್ ಆಫ್. ಜನ ಹೋ ಅಂತ ಚಪ್ಪಾಳೆ. ಮುಂದಿನ ತಿರುವಿನವರು ಅದನ್ನು ನೋಡಿ ತಮ್ಮ ಸರದಿಗೆ ಕಾಯುತ್ತಿದ್ದರು. ಊರುಗೋಲು ಹಿಡಿದ ಒಬ್ಬ ತಾತ ಊರುಗೋಲನ್ನೇ ಬೀಸಿದರು. ಐಸ್‌ಕ್ರೀಮ್ ವ್ಯಾನಿನವನೂ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬೀಸಿದ. ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುವಾತ "ಇಂದಿನ ಮೈದಾನದ ಅತ್ಯಂತ ಸ್ನೇಹಮಯಿ ಚಾಲಕ" ಅಂತ ಘೋಷಿಸಿಯೇಬಿಟ್ಟ. ಮಗಳು ನನ್ನ ಹಿಂದೆ ಅವಿತುಕೊಂಡಳು. ನಾನು ಯಾರ ಹಿಂದೆ ಅವಿತುಕೊಳ್ಳಲಿ?

ಕೊನೆಗೆ ಮಾರ್ಷಲ್ಲಿಗೇ ಸಾಕಾಗಿ, ಹಗ್ಗವನ್ನು ಮಣಿಕಟ್ಟಿನಿಂದ ಬಿಚ್ಚಿ ಜಾಕೆಟ್ಟಿನ ಬೆಲ್ಟಿಗೆ ಕಟ್ಟಿದರು. ಅಷ್ಟರಲ್ಲಿ ಉಳಿದವರೆಲ್ಲ ರೇಸ್ ಮುಗಿಸುವ ಹಂತದಲ್ಲಿದ್ದರು. ಇವರು ಕೊನೆಯವರಾಗಿ ಬಂದು, ಇಳಿದು, ಹೆಲ್ಮೆಟ್ ತೆಗೆದು, ಕೆಂಪಾದ ಮುಖದಲ್ಲಿ ಹೇಳಿದ್ದು ಏನು ಗೊತ್ತಾ? "ಜನರ ಪ್ರೀತಿ ನೋಡಿದ್ಯಾ? ಮೊದಲ ರೇಸಿಗೇ!"

ನಿಜ ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ರೇಸ್ ಮುಗಿದ ಮೇಲೆ ನಮ್ಮ ಮೆಷಿನ್ನಿನ ಕೆಳಗೆ ಒಬ್ಬ ಮನುಷ್ಯ ಅಂಗಾತ ಮಲಗಿ ಬೆಲ್ಟು ಬಿಗಿ ಮಾಡುತ್ತಿದ್ದ. ಅದೇ ರೇಸಿನಲ್ಲಿ ಇವರನ್ನು ಹಿಂದೆ ಹಾಕಿದವನು. ದುಡ್ಡು ಕೊಡಲು ಹೋದರೆ ಸ್ಪ್ಯಾನರ್ ತೋರಿಸಿ ಗದರಿದ. ಇನ್ನೊಬ್ಬ ಬಂದು ಹಳೇ ಪುಲ್ಲಿ ಕೊಟ್ಟು ಹೋದ. ಮತ್ತೊಬ್ಬಳು ಇವರನ್ನು ಹೆಸರು ಹಿಡಿದು ಕರೆದು ಚಹಾ ಕೊಟ್ಟಳು. ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಆಫೀಸಿನ ಹೊರಗೆ ಇವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ವಾರವಿಡೀ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಪರದೆಯಲ್ಲಿ ಚಿಕ್ಕ ಚೌಕಗಳ ಜೊತೆ ಮಾತಾಡುವ ಮನುಷ್ಯ. ಅವರು ಅಪರಿಚಿತರ ನಡುವೆ ಗ್ರೀಸ್ ಮೆತ್ತಿಕೊಂಡು ಹಾಗೆ ನಗುವುದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಮಗಳೂ ಸುಮ್ಮನೆ ನೋಡುತ್ತಾ ನಿಂತಿದ್ದಳು.

ಹಾಗಂತ ಹುಲ್ಲು ತಾನಾಗಿ ಕತ್ತರಿಸಿಕೊಳ್ಳುವುದಿಲ್ಲವಲ್ಲ.

ನಿನ್ನೆ ಪಕ್ಕದ ಮನೆಯಾಕೆ ಒಳಗೆ ಹೋದ ಮೇಲೆ ನಾನೂ ಸ್ವಲ್ಪ ಓದಿಕೊಂಡೆ. 2014ರಲ್ಲಿ ಹೋಂಡಾದವರ ಒಂದು ಮೋವರ್ ಗಂಟೆಗೆ 187 ಕಿಲೋಮೀಟರ್ ಓಡಿ ಗಿನ್ನೆಸ್ ದಾಖಲೆ ಮಾಡಿತ್ತು. 2019ರಲ್ಲಿ ಅದರ ತಮ್ಮನಂಥ ಇನ್ನೊಂದನ್ನು ಜೆಸ್ ಹಾಕಿನ್ಸ್ ಎಂಬ ಹೆಣ್ಣುಮಗಳು ಓಡಿಸಿ, ಏಳು ಸೆಕೆಂಡಿನೊಳಗೆ ಗಂಟೆಗೆ 100 ಮೈಲಿ ವೇಗ ಮುಟ್ಟಿಸಿದಳು. ಇದರಲ್ಲಿ ನನಗೆ ಇಷ್ಟವಾಗಿದ್ದು ಬೇರೆ. ಗಿನ್ನೆಸ್‌ನವರ ಷರತ್ತು ಏನೆಂದರೆ ಆ ಮೆಷಿನ್ನು ಹುಲ್ಲು ಕತ್ತರಿಸಲೇಬೇಕು. ಕತ್ತರಿಸದಿದ್ದರೆ ಅದು ಮೋವರೇ ಅಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಮುಂದಿಟ್ಟೆ. "ರೀ, ಅಷ್ಟು ಜೋರಾಗಿ ಓಡೋದೂ ಹುಲ್ಲು ಕತ್ತರಿಸುತ್ತಂತೆ. ನಿಮ್ಮದಕ್ಕೆ ಏನು ಕಷ್ಟ?"

"ಅದು ದಾಖಲೆಗೆ ಕಣೇ. ರೇಸಿನಲ್ಲಿ ಬ್ಲೇಡ್ ಇದ್ರೆ ಬಿದ್ದವನ ಗತಿ ಏನು?"

ಇದಕ್ಕೆ ಉತ್ತರವಿಲ್ಲ, ನಿಜ. ಆದರೆ ನಾನು ನಿಯಮದ ಪುಸ್ತಕವನ್ನೂ ಓದಿಯೇ ಕೂತಿದ್ದೆ. ಮೋವರ್‌ಗಳಲ್ಲಿ ಗುಂಪುಗಳಿವೆ. ಇವರದು ಬಾನೆಟ್ ಇರುವ ದೊಡ್ಡ ಟ್ರ್ಯಾಕ್ಟರ್ ಥರದ್ದು, ನಾಲ್ಕನೇ ಗ್ರೂಪು. ಒಂದನೇ ಗ್ರೂಪಿನಲ್ಲಿ ಸೀಟೇ ಇಲ್ಲ. ತಳ್ಳುವ ಮೋವರಿನ ಹಿಂದೆ ಓಡುವುದು, ಅಷ್ಟೇ.

"ಒಂದನೇ ಗ್ರೂಪಿಗೆ ಸೇರಿಕೊಳ್ಳಿ" ಅಂದೆ. "ಟ್ರೇಲರ್ ಬೇಡ, ಆಕ್ಸಲ್ ಬೇಡ, ಬೆನ್ನುನೋವೂ ಇಲ್ಲ. ಇದಕ್ಕಿಂತ ಅಗ್ಗದ ಮೋಟಾರ್ ಸ್ಪೋರ್ಟ್ ಈ ಭೂಮಿ ಮೇಲೆ ಇಲ್ಲ."

ಅವರು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ಓಡೋದು ಅಂದ್ರೆ ಒಳ್ಳೇ ಶೂ ಬೇಕಾಗುತ್ತೆ" ಅಂದರು. ಎಡಗೈಯಲ್ಲಿ ಫೋನ್ ಎತ್ತಿಕೊಂಡು ಹುಡುಕತೊಡಗಿದರು. "ನೋಡು, ಇದು ಪರವಾಗಿಲ್ಲ. ಮ್ಯಾರಥಾನ್ ಓಡುವವರ ಶೂಗೆ ಹೋಲಿಸಿದರೆ..."