ತನಿ ಬಿಟ್ಟರು, ಬನ್ನಿ ಕ್ಯಾಂಟೀನಿಗೆ

ಈ ಸಲದ ರಾಮನವಮಿ ಸಂಗೀತ ಕಚೇರಿಗಳ ಸೀಸನ್ನೂ ಮುಗಿಯಿತು. ಪೆಂಡಾಲು ಬಿಚ್ಚಿ ಲಾರಿಗೇರಿಸಿಯೂ ಆಯಿತು. ಯಾವ ಬಡಾವಣೆ, ಯಾವ ಸಭೆ ಅಂತ ಹೇಳಬೇಕಾಗಿಲ್ಲ. ಎಲ್ಲ ಕಡೆಯೂ ನಡೆದದ್ದು ಒಂದೇ. ನೀವೂ ಅಲ್ಲೇ ಇದ್ದಿರಿ, ಕೈಯಲ್ಲಿ ಬೋಂಡ ಇತ್ತು.

ಗಾಯಕರು ಸರಿಗಮಗಳನ್ನು ಹೆಣೆದು ಹಾಡುವ ಸ್ವರಪ್ರಸ್ತಾರ ಮುಗಿಸಿ ಮೃದಂಗದವರ ಕಡೆ ತಿರುಗಿ ಅಂಗೈ ಚಾಚುತ್ತಾರಲ್ಲ, ಆ ಅಂಗೈ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿಗಳು ಕಿರ್ರೆನ್ನುತ್ತವೆ. ಹಾಡು ನಿಲ್ಲಿಸಿ ತಾಳವಾದ್ಯಗಳಿಗಷ್ಟೇ ಬಿಟ್ಟುಕೊಡುವ ಭಾಗವೇ ತನಿ ಆವರ್ತನ. ಅದರ ಮೊದಲ ಸೊಲ್ಲು ಈ ಕಿರ್ರೇ. ಇಷ್ಟು ಕರಾರುವಾಕ್ಕಾಗಿ ಸಮಕ್ಕೆ ಎದ್ದು ನಿಲ್ಲುವ ಜನಕ್ಕೆ ಲಯಜ್ಞಾನ ಇಲ್ಲ ಅಂತ ಯಾರು ಹೇಳಿಯಾರು? ಲೆಕ್ಕ ನೋಡಿ: ಸಾಂಗವಾಗಿ ನಡೆದರೆ ತನಿ 15ರಿಂದ 20 ನಿಮಿಷ. ಕೂಪನ್ನಿನ ಸಾಲಿಗೆ 5, ಬಾಣಲೆಯಿಂದ ಬೋಂಡ ಏಳುವುದಕ್ಕೆ 4, ತಿನ್ನುವುದಕ್ಕೆ 3, ಕಾಫಿಗೆ 5. ಉಳಿದ ಮೂರು ನಿಮಿಷ ಕೈಯ ಎಣ್ಣೆ ಒರೆಸಲು ಪೇಪರ್ ಹುಡುಕುವುದಕ್ಕೆ. ಮುಕ್ತಾಯದ ಹೊತ್ತಿಗೆ ಕುರ್ಚಿಗೆ ವಾಪಸ್. ಒಂದು ಮಾತ್ರೆಯೂ ಆಚೀಚೆ ಇಲ್ಲ.

ಕ್ಯಾಂಟೀನಿನ ಕಚೇರಿಗೆ ವರ್ಣ ಆಮೇಲೆ ಕೃತಿ ಅನ್ನುವ ಕಟ್ಟುಪಾಡಿಲ್ಲ. “ಇವತ್ತು ಕಾಂಬೋಜಿ ರಾಗ ಪರವಾಗಿಲ್ಲ ಸಾರ್” ಎನ್ನುತ್ತಾರೆ ಬ್ಯಾಂಕಿನಿಂದ ನಿವೃತ್ತರಾದ ರಾಯರು. ಪರವಾಗಿಲ್ಲ ಅಂದರೆ ಅವರ ನಿಘಂಟಿನಲ್ಲಿ ಪದ್ಮಭೂಷಣ. ಪಕ್ಕದ ಮೇಷ್ಟ್ರಿಗೆ ಅಷ್ಟು ಸಾಕು. “ಕಾಂಬೋಜಿ ಬಿಡಿ ರಾಯರೇ, ಹಿಂದೂಸ್ತಾನಿ ಹಾಡುತ್ತಿದ್ದ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರನ್ನ ಕೇಳಬೇಕು. ಅವರೂ ಮೊದಲು ಕಲಿತದ್ದು ಕರ್ನಾಟಕ ಸಂಗೀತವೇ, ಅಪ್ಪಯ್ಯಸ್ವಾಮಿಗಳ ಹತ್ತಿರ. ಆಮೇಲೆ ನೀಲಕಂಠಬುವಾ, ಆಮೇಲೆ ಮಂಜೀಖಾನ್.” ಧಾರವಾಡದಿಂದ ಮಂಗಳೂರಿನ ಕಡೆಗೆ ಬಸ್ ತಿರುಗಲು ಒಂದು ತುತ್ತು ಬೋಂಡ ಸಾಕು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತದ್ದು ಮೈಸೂರಿನ ಅರಮನೆ ಬ್ಯಾಂಡ್ ಕೇಳಿ. ಅರಮನೆ ಬ್ಯಾಂಡ್ ಅಂದಮೇಲೆ ಜಯಚಾಮರಾಜ ಒಡೆಯರು ಬಾರದೆ ಇರುತ್ತಾರೆಯೇ? ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ಬರೆದ ಅದೇ ಮಹಾರಾಜರು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಅನ್ನುವ ರಷ್ಯನ್ ಸಂಗೀತಗಾರನ ಹೆಸರಿನಲ್ಲಿ ಸೊಸೈಟಿ ಕಟ್ಟಿ, ಖರ್ಚು ಕೊಟ್ಟು, ಅವನ ಸಂಗೀತವನ್ನು ಅವನ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಿದರು. ಆತ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೋವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ. ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಸಾಯುವ ಮುಂಚೆ ಬರೆದಿಟ್ಟ ನಾಲ್ಕು ಹಾಡುಗಳನ್ನು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಹಾಡಿದಾಗಲೂ ಖರ್ಚಿಗೆ ಜಾಮೀನು ನಿಂತವರು ನಮ್ಮ ಮೈಸೂರಿನವರೇ.

“ಲಂಡನ್ ಅಂದ್ರಾ? ನನ್ನ ಎರಡನೇ ಮಗಳು ಅಲ್ಲೇ ಇರೋದು” ಎನ್ನುತ್ತಾರೆ ರಾಯರು. ಮುಂದಿನ ಐದು ನಿಮಿಷ ವೀಸಾ, ಚಳಿ, ಅಲ್ಲಿ ಸಿಗದ ನುಗ್ಗೇಕಾಯಿ.

ಮೆಟ್ನರನಿಂದ ನುಗ್ಗೇಕಾಯಿಗೆ ಒಂದೇ ಉಸಿರಿನಲ್ಲಿ ಇಳಿಯುವ ಈ ಗ್ರಹಭೇದ (ಷಡ್ಜ ಸರಿಸಿ ಬೇರೊಂದು ರಾಗಕ್ಕೆ ಜಾರುವ ಚಮತ್ಕಾರ) ಯಾವ ವಿದ್ವಾಂಸರಿಗೆ ಸಾಧ್ಯ? ಅಷ್ಟರಲ್ಲಿ ಜೀನ್ಸ್ ಮೇಲೆ ಜುಬ್ಬ ತೊಟ್ಟ ಸಾಫ್ಟ್‌ವೇರ್ ಹುಡುಗನೊಬ್ಬ ನಡುವೆ ನುಸುಳಿ, ಮೆಟಲ್ ಬ್ಯಾಂಡುಗಳು ಏಳರ ಎಣಿಕೆಯಲ್ಲಿ ಬಾರಿಸುವುದೂ ನಮ್ಮ ಮಿಶ್ರಛಾಪು ತಾಳವೂ ಲೆಕ್ಕದಲ್ಲಿ ಒಂದೇ ಎಂದು ವಾದ ಹೂಡುತ್ತಾನೆ. ತಪ್ಪೇನಿಲ್ಲ. ತಕಿಟ ತಕದಿಮಿ, ಮೂರು ಮತ್ತು ನಾಲ್ಕು. 2011ರಲ್ಲಿ ಮೆಟಾಲಿಕಾ ಬ್ಯಾಂಡು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ತಾನು ಅಲ್ಲೇ ಇದ್ದೆ ಎಂದೂ ಸೇರಿಸುತ್ತಾನೆ. ರಾಯರು ಗೌರವದಿಂದ ತಲೆಯಾಡಿಸಿ ಕೇಳುತ್ತಾರೆ: “ಅಲ್ಲಿ ಕ್ಯಾಂಟೀನ್ ಹೇಗಿತ್ತಪ್ಪಾ?”

ನಿಜ ಹೇಳಬೇಕೆಂದರೆ ಈ ಹರಟೆಯ ಮೇಲೆ ಸಿಟ್ಟು ಬರುವುದಿಲ್ಲ. ಧ್ರುಪದ್, ರಾಜನ್-ನಾಗೇಂದ್ರ, ಮೆಟಾಲಿಕಾ, ಜಾತ್ರೆಯ ಡೊಳ್ಳು ಎಲ್ಲಕ್ಕೂ ಒಂದೇ ಕಿವಿಯಲ್ಲಿ ಜಾಗ ಕೊಟ್ಟವರು ಇವರು. ರಾಜರ ಊರಿನವರಿಗೆ ಇದು ವಂಶವಾಹಿ. ಕಲ್ಕತ್ತೆಯ ಗಾಯಕಿ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದೂ ಮೈಸೂರನ್ನೇ. 1928ರಲ್ಲಿ ಅರಮನೆಯ ಆಶ್ರಯ ಸಿಕ್ಕಿತು, 1930ರಲ್ಲಿ ಇಲ್ಲೇ ತೀರಿಕೊಂಡರು. ಆಕೆಯ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ. ಒಂದು ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಹೆಚ್ಚೆಂದರೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲೇ ರಾಗದ ಮುಖ ತೋರಿಸಿ, ಸಾಹಿತ್ಯ ಹೇಳಿ, ತಾನ್ ಹೊಡೆದು, ಕೊನೆಗೆ “ಮೈ ನೇಮ್ ಈಸ್ ಗೌಹರ್ ಜಾನ್” ಎಂದು ಕೂಗಿ ಮುಗಿಸುತ್ತಿದ್ದರು. ರೆಕಾರ್ಡ್ ಒತ್ತುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಚೀಟಿ ಅಂಟಿಸುವಾಗ ಯಾರ ಹಾಡು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಪರಿಚಯ ಭಾಷಣಕ್ಕೆ ತಗುಲಿದ ಸಮಯ ಎರಡು ಸೆಕೆಂಡು.

ಈಗ ವೇದಿಕೆಗೆ ಬನ್ನಿ. ಎರಡು ಸೆಕೆಂಡಿನ ಕೆಲಸಕ್ಕೆ ನಮ್ಮ ನಿರೂಪಕರಿಗೆ ಹನ್ನೆರಡು ನಿಮಿಷ. ಕಚೇರಿ ಶುರುವಾದದ್ದು 6:45ಕ್ಕೆ. ಮುಖ್ಯ ಅತಿಥಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು 8:30ಕ್ಕೆ ಬಂದರು. ಸ್ವರಪ್ರಸ್ತಾರ ರಂಗೇರುತ್ತಿದ್ದಾಗಲೇ ಕಾರ್ಯದರ್ಶಿ ಬಗ್ಗಿಕೊಂಡು ಬಂದು ಗಾಯಕರ ಕಿವಿಯಲ್ಲಿ ಏನೋ ಉಸುರಿದರು. ಸಂಗೀತ ನಿಂತಿತು, ಸನ್ಮಾನ ಶುರುವಾಯಿತು. ಮೈಸೂರು ಪೇಟ, ಶಾಲು, ಗಂಧದ ಹಾರ, ಸ್ಮರಣಿಕೆ, ಹಣ್ಣಿನ ಬುಟ್ಟಿ. ಆ ಬುಟ್ಟಿಯ ಮೇಲಿನ ಜಿಲೇಟಿನ್ ಪೇಪರ್ ಇದೆಯಲ್ಲ, ಅದನ್ನು ಕೊಡುವುದು ಸರಿಯಾಗಿ ವಯಲಿನ್ ಮೈಕಿನ ಮುಂದೆ. ಸಭೆಯ ಹದಿನಾರು ಸ್ಪೀಕರುಗಳಲ್ಲೂ ಚರಪರ. ಅತಿಥಿಗಳು ಗಾಯಕರ ಮೈಕನ್ನು ತಮ್ಮ ಎತ್ತರಕ್ಕೆ ಎಳೆದು, ಬೆರಳಿನಿಂದ ಮೂರು ಸಲ ಕುಟ್ಟಿ, “ಸಂಗೀತದ ಗಂಧಗಾಳಿ ನನಗಿಲ್ಲ, ಆದರೂ” ಎಂದು ಆರಂಭಿಸಿದರು. ಆ ‘ಆದರೂ’ ಇಪ್ಪತ್ತೆರಡು ನಿಮಿಷ ನಡೆಯಿತು. ಹೋಗುವಾಗ ಮೈಕನ್ನು ಮತ್ತೆ ಇಳಿಸಲಿಲ್ಲ. ಇಳಿಸಬೇಕಾದ ಸೌಂಡಿನ ಹುಡುಗ ಕ್ಯಾಂಟೀನಿನಲ್ಲಿದ್ದ.

ಆ ಹೊತ್ತಿನಲ್ಲಿ ಮೃದಂಗಕ್ಕೆ ಏನಾಗುತ್ತದೆ ಗೊತ್ತೇ? ಎಡಮುಖದ ನಡುವೆ ರವೆಯನ್ನು ನೀರಿನಲ್ಲಿ ಕಲಸಿ, ಸಣ್ಣ ನಿಂಬೆಗಾತ್ರದ ಉಂಡೆಯನ್ನು ರೊಟ್ಟಿಯ ಹಾಗೆ ತಟ್ಟಿ ಮೆತ್ತಿರುತ್ತಾರೆ. ಗುಂ ಅನ್ನುವ ನಾದ ಬರುವುದು ಆ ಒದ್ದೆ ಭಾರದಿಂದ. ಹೆಚ್ಚಾದರೆ ನಾದ ಮಂಕು, ಕಡಿಮೆಯಾದರೆ ಬೋಳು. ಬಾರಿಸುತ್ತಾ ಇದ್ದರೆ ನಡುನಡುವೆ ನಾಲ್ಕು ಹನಿ ನೀರು ಮುಟ್ಟಿಸಿ ಹದ ಕಾಯುತ್ತಾರೆ. ಸನ್ಮಾನದ ಹೊತ್ತಿನಲ್ಲಿ ಕೈಮುಗಿದು ಕೂರಬೇಕು, ಪಕ್ಕದಲ್ಲಿ ಪೆಡೆಸ್ಟಲ್ ಫ್ಯಾನು ಗಿರ್ರೆನ್ನುತ್ತಿರುತ್ತದೆ. ರವೆ ಒಣಗಿ ಬಿರುಕು ಬಿಡುತ್ತದೆ, ಗುಂ ಹೋಗಿ ಟಪ್ ಆಗುತ್ತದೆ. ಬಲಮುಖ ಫೋಕಸ್ ಲೈಟಿನ ಶಾಖಕ್ಕೆ ಬಿಗಿದು ಶ್ರುತಿ ಕೂದಲೆಳೆಯಷ್ಟು ಮೇಲೇರಿರುತ್ತದೆ. ಕಲ್ಲು ಹಿಡಿದು ಅಂಚು ಕುಟ್ಟಿ ಇಳಿಸಬೇಕು. ಮಡಕೆಯ ಶ್ರುತಿಯನ್ನು ಹಾಗೆ ಕುಟ್ಟಿ ಇಳಿಸುವಂತಿಲ್ಲವಾದ್ದರಿಂದ, ಘಟದವರು ಗಾಯಕರ ಶ್ರುತಿಗೆ ಹೊಂದುವ ಘಟವನ್ನೇ ಆರಿಸಿ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಂದಿರುತ್ತಾರೆ.

ಸನ್ಮಾನ ಮುಗಿದಾಗ 9:15. ಉಳಿದ ಸ್ವರ ಹಾಡಿ ತನಿ ಬಿಡುವಾಗ 9:35. ಪೆಂಡಾಲು ಬಯಲಿನದು, ಹತ್ತಾದ ಮೇಲೆ ಧ್ವನಿವರ್ಧಕ ಕೂಡದು. ಅದು ಕಾನೂನು, ಒಪ್ಪಿದೆವು. ವೇದಿಕೆಗೆ ಒಂದು ಚೀಟಿ ಬಂತು: ‘ತನಿ 4 ನಿಮಿಷ.’ ಎರಡು ಕಳೆಯ, ಅಂದರೆ ನಿಧಾನ ನಡೆಯ ಆದಿತಾಳ, ತಾಳದ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, 12 ಸೆಕೆಂಡು ಹಿಡಿದರೂ ನಾಲ್ಕು ನಿಮಿಷಕ್ಕೆ 20 ಆವರ್ತನ. ಅದರಲ್ಲಿ ಕೊನೆಗೆ ಒಯ್ಯುವ ಮೋಹರ, ಮೂರು ಸಲದ ಮುಕ್ತಾಯ ತೆಗೆಯಿರಿ. ಮೂರರ ಎಣಿಕೆಯ ತಿಶ್ರನಡೆ ಎಲ್ಲಿ? ಮೃದಂಗ ಎಂಟು ಆವರ್ತನ ಬಾರಿಸಿ ಘಟಕ್ಕೆ ಬಿಟ್ಟು, ಅದು ನಾಲ್ಕಾಗಿ, ಎರಡಾಗಿ, ಒಂದಾಗಿ, ಕೊನೆಗೆ ಇಬ್ಬರ ಬೆರಳೂ ಒಂದೇ ಸೊಲ್ಲಿನಲ್ಲಿ ಸೇರುವ ಆ ಸವಾಲು ಜವಾಬು ಎಲ್ಲಿ? ಇಪ್ಪತ್ತು ವರ್ಷ ಸಾಧನೆ ಮಾಡಿದ ಕೈಗೆ ಚೀಟಿ ಕಳಿಸುತ್ತೀರಲ್ಲ, ಆ ‘ಆದರೂ’ಗೆ ಒಂದು ಚೀಟಿ ಕಳಿಸುವ ಧೈರ್ಯ ಯಾಕೆ ಬರಲಿಲ್ಲ? ಪ್ರತಿ ವರ್ಷ ಇದೇ. ಸಾಕಾಗಿದೆ ಸ್ವಾಮಿ. ಶಾಲು ಹೊದಿಸಬೇಕೆನಿಸಿದರೆ ಮಂಗಳ ಹಾಡಿದ ಮೇಲೆ ಹೊದಿಸಿ, ಮೈಕಿಲ್ಲದೆ ಹೊದಿಸಿ. ಶಾಲಿಗೆ ಸೌಂಡ್ ಸಿಸ್ಟಮ್ ಬೇಕಾಗಿಲ್ಲ.

ಅತ್ತ ಕ್ಯಾಂಟೀನಿನಲ್ಲೂ ಗಲಿಬಿಲಿ. ಇಪ್ಪತ್ತು ನಿಮಿಷದ ತನಿ ನಂಬಿಕೊಂಡು ಎದ್ದು ಬಂದವರ ಬೋಂಡ ಇನ್ನೂ ಬಾಣಲೆಯಲ್ಲೇ ಇತ್ತು. “ಮುಗಿದೇಹೋಯ್ತಾ? ಇದೆಂಥ ಅನ್ಯಾಯ!” ಎಂದು ರಾಯರು ಕೂಗಾಡಿದರು. ಕಲಾವಿದರಿಗೆ ಸಮಯ ಕೊಡದ ಸಭೆಗೆ ಕಾಗದ ಬರೆಯಲೇಬೇಕೆಂದು ಮೇಷ್ಟ್ರು ಒತ್ತಾಯಿಸಿದರು. ಕಾಗದ ಅಂದಾಗ ಹಳೇ ಅಂಚೆ ಕಾರ್ಡಿನ ಮಾತು ಬಂತು, ಅಂಚೆ ಕಾರ್ಡಿನಿಂದ ರೇಡಿಯೋ ಸಿಲೋನಿನ ಕೋರಿಕೆ ಗೀತೆಗಳು. ಸಾಫ್ಟ್‌ವೇರ್ ಹುಡುಗ ಮೂರನೇ ಕೇಸರಿಭಾತ್ ಕೇಳಿದ. ರವೆ ಮುಗಿದಿದೆ ಎಂದರು ಭಟ್ಟರು.

ಒಳಗೆ ಮಂಗಳವಾಯಿತು. ಘಟದವರು ಮಡಕೆಗೆ ಬಟ್ಟೆ ಸುತ್ತುತ್ತಿದ್ದರು. ಮೃದಂಗದವರು ಒಣಗಿದ ರವೆಯನ್ನು ಉಗುರಿನಲ್ಲಿ ಕೆರೆದು ತೆಗೆದು, ಚೂರು ವೇದಿಕೆಯ ಜಮಖಾನದ ಮೇಲೆ ಬೀಳದ ಹಾಗೆ ಆ ಚೀಟಿಯಲ್ಲೇ ಪೊಟ್ಟಣ ಕಟ್ಟಿಕೊಂಡರು.