ಸಿಲಿಂಡರಿನ ಆ ಖಾಲಿ ಜಾಗ ಖಾಲಿಯಾಗಿಯೇ ಇರಲಿ

ಮೋಟಾರ್‌ಹೋಮ್‌ನಲ್ಲಿ, ಅಂದರೆ ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಡಿಯಲ್ಲಿ, ತಿಂಗಳುಗಟ್ಟಲೆ ಸುತ್ತುವ ಗೆಳೆಯರೊಬ್ಬರು ಮೊನ್ನೆ ಖುಷಿಯಿಂದ ಒಂದು ಹಿತ್ತಾಳೆ ಅಡಾಪ್ಟರ್ ತೋರಿಸಿದರು. ಖಾಲಿದು ಕೊಟ್ಟು ತುಂಬಿದ್ದು ತರುತ್ತೇವಲ್ಲ, ಆ ಮಾಮೂಲಿ ಸಿಲಿಂಡರಿಗೆ ಇದನ್ನು ತಿರುಗಿಸಿ ಕೂರಿಸಿ ವಾಹನಗಳಿಗೆ ಎಲ್‌ಪಿಜಿ ಹಾಕುವ ಆಟೋಗ್ಯಾಸ್ ಪಂಪಿನಲ್ಲಿ ತಾವೇ ತುಂಬಿಸಿಕೊಳ್ಳುತ್ತಾರಂತೆ. "ಲೀಟರ್ ಲೆಕ್ಕ ನೋಡಿಕೊಂಡು ನಿಲ್ಲಿಸ್ತೀನಿ, ಏನೂ ಆಗಲ್ಲ ಬಿಡಿ" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಎಲ್‌ಪಿಜಿ ಸಿಲಿಂಡರನ್ನು ಕಂಠಪೂರ್ತಿ ತುಂಬುವ ಹಾಗಿಲ್ಲ. ದ್ರವ 80% ಮುಟ್ಟಿದಾಗ ನಿಲ್ಲಬೇಕು. ಉಳಿದದ್ದು ಆವಿಗೆ ಬಿಟ್ಟ ಜಾಗ. ಬಿಸಿಲೇರಿದರೆ ಈ ದ್ರವ ನೀರಿಗಿಂತ ಎಷ್ಟೋ ಹೆಚ್ಚು ಹಿಗ್ಗುತ್ತದೆ. ಮೇಲೆ ಜಾಗವಿದ್ದರೆ ಅಲ್ಲಿಗೆ ಏರಿ ಸುಮ್ಮನಾಗುತ್ತದೆ. ಇಲ್ಲದಿದ್ದರೆ ಹಿಗ್ಗುವ ದ್ರವದ ಒತ್ತಡವೆಲ್ಲ ನೇರ ಉಕ್ಕಿನ ಮೇಲೆ ಬೀಳುತ್ತದೆ, ಅದೂ ನಾವು ಮಲಗುವ ಹಾಸಿಗೆಯಿಂದ ಮಾರು ದೂರದಲ್ಲಿ.

ಲೀಟರ್ ಲೆಕ್ಕ ಕೈಕೊಡುವುದು ಎಲ್ಲಿ ಗೊತ್ತಾ? ಒಳಗೆ ಎಷ್ಟು ಉಳಿದಿದೆ ಅನ್ನುವಲ್ಲಿ. ಎಲ್‌ಪಿಜಿಯಲ್ಲಿರುವ ಬ್ಯೂಟೇನ್ ಅನಿಲ ಕುದಿಯುವುದೇ ಸುಮಾರು ಸೊನ್ನೆ ಡಿಗ್ರಿಯಲ್ಲಿ. ಕೊರೆಯುವ ಚಳಿಯ ಬೆಳಗ್ಗೆ ಅದು ಆವಿಯಾಗುವುದಿಲ್ಲ, ಒಲೆ ಸಣ್ಣಗಾಗಿ ಆರಿಹೋಗುತ್ತದೆ. ಗ್ಯಾಸ್ ಮುಗಿಯಿತು ಅಂದುಕೊಳ್ಳುತ್ತೇವೆ. ಸಿಲಿಂಡರ್ ಎತ್ತಿ ಅಲ್ಲಾಡಿಸಿದರೆ ಒಳಗೆ ದ್ರವ ಇನ್ನೂ ತುಳುಕುತ್ತಿರುತ್ತದೆ! ಅದರ ಮೇಲೆ ಪೂರ್ತಿ ಲೆಕ್ಕದ ಲೀಟರ್ ಸುರಿದರೆ? ತೂಕ ಹಾಕಿ ಸಿಲಿಂಡರ್ ಮೇಲೆ ಬರೆದಿರುವ ಖಾಲಿ ತೂಕ ಕಳೆದರೆ ನಿಜ ತಿಳಿಯುತ್ತದೆ, ಸರಿ. ಆದರೆ ಪಂಪಿನ ಹತ್ತಿರ ತಕ್ಕಡಿ ಹೊತ್ತೊಯ್ಯುವವರನ್ನು ನಾನಂತೂ ನೋಡಿಲ್ಲ.

ತುಂಬಿಸಿಕೊಳ್ಳಲೆಂದೇ ಮಾಡಿದ ಸಿಲಿಂಡರುಗಳಿವೆ. ಅವುಗಳೊಳಗೆ ತೇಲುವ ಬುರುಡೆಯ ವಾಲ್ವ್ ಇರುತ್ತದೆ. 80% ಆದಕೂಡಲೇ ಮುಚ್ಚಿಕೊಳ್ಳುತ್ತದೆ. ನನ್ನ ಗಾಡಿಯಲ್ಲಿರುವುದು ಅದೇ. ಪಂಪಿನ ಮೀಟರ್ ಓಡುತ್ತಾ ಓಡುತ್ತಾ ಟಕ್ ಅಂತ ನಿಲ್ಲುತ್ತದೆ. ನಿಂತ ಮೇಲೆ 'ಇನ್ನೊಂಚೂರು' ಅಂತ ಮತ್ತೆ ಗುಂಡಿ ಒತ್ತಬೇಡಿ, ದಯವಿಟ್ಟು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಗಾಡಿ ಸಮತಟ್ಟು ನೆಲದ ಮೇಲಿರಬೇಕು. ವಾಲಿದರೆ ಆ ಬುರುಡೆಯ ಲೆಕ್ಕವೂ ತಪ್ಪುತ್ತದೆ. ದುಡ್ಡು ಜಾಸ್ತಿ, ಹೌದು. ಆದರೂ ಗಾಡಿಗೆ ಹಾಕುವ ಖರ್ಚಿನಲ್ಲಿ ಮೊದಲು ಇದು, ಸೋಲಾರ್ ಪ್ಯಾನೆಲ್ ಆಮೇಲೆ ಅನ್ನುವವನು ನಾನು.

ಇನ್ನೊಂದು ಮಾತು. ಬಂಕಿಗೆ ಹೋಗುವ ಮುಂಚೆ ಒಲೆ ಆರಿಸುವುದು ಎಲ್ಲರಿಗೂ ನೆನಪಿರುತ್ತದೆ, ಫ್ರಿಜ್ ಮರೆಯುತ್ತಾರೆ. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಹಿಂದೆ ಕಣ್ಣಿಗೆ ಬೀಳದ ಸಣ್ಣ ಜ್ವಾಲೆ ಉರಿಯುತ್ತಲೇ ಇರುತ್ತದೆ. ನೀರು ಕಾಯಿಸುವ ಹೀಟರ್ ಕೂಡ ಹಾಗೆಯೇ. ಎಲ್ಲ ಆರಿಸಿ, ವಾಲ್ವ್ ಮುಚ್ಚಿ, ಆಮೇಲೆ ಒಳಗೆ ಹೋಗಿ. ನಾಜಲ್ ಬಿಡಿಸುವಾಗ ಬುಸ್ ಅಂತ ಹೊರಬರುವ ದ್ರವ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗಾಯವಾಗುತ್ತದೆ, ಅದಕ್ಕೆ ಕೈಗವಸು ಬೇಕೇ ಬೇಕು. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದು ಹರಿಯುತ್ತದೆ. ಹಾಗಾಗಿಯೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಅಲ್ಲಿ ಚಪ್ಪಲಿ, ಹಳೇ ಚೀಲ ತುರುಕಿದ್ದನ್ನು ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ.

ನಿನ್ನೆ ಗೆಳೆಯರಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಈಗ ತುಂಬಿಸಿಟ್ಟಿರೋ ಸಿಲಿಂಡರ್ ಏನ್ ಮಾಡ್ಲಿ?" ಅಂತ ಕೇಳಿದರು. ಬಿಸಿಲಿಗೆ ಇಡಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ, ನೀವಾಗಿ ಗ್ಯಾಸ್ ಹೊರಗೆ ಬಿಡಲೂ ಹೋಗಬೇಡಿ, ಸಿಲಿಂಡರ್ ಕೊಟ್ಟವರಿಗೆ ಈಗಲೇ ಫೋನ್ ಮಾಡಿ ಅಂದೆ.