ಪರವಾಗಿಲ್ಲ

ಕಳೆದ ಭಾನುವಾರ ನನ್ನ ಅಣ್ಣನ ಮಗ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಬಂದು, ‘ಅತ್ತೆ, ನಾನೂ ನಿಮ್ಮ ಹಾಗೆ ಆನ್‌ಲೈನ್‌ನಲ್ಲಿ ಫ್ರೀಲ್ಯಾನ್ಸ್ ಕೆಲಸ ಶುರು ಮಾಡಬೇಕು ಅಂತಿದ್ದೀನಿ, ಸ್ವಲ್ಪ ಟಿಪ್ಸ್ ಕೊಡಿ’ ಎಂದ. ಬಿ.ಕಾಂ. ಮುಗಿಸಿರುವ ಹುಡುಗ, ವಿಡಿಯೊ ಎಡಿಟಿಂಗನ್ನು ತಾನೇ ಕಲಿತಿದ್ದಾನೆ. ನಾನು ಈ ಕ್ಷೇತ್ರದಲ್ಲಿ ಯಶಸ್ವಿಯಾಗಿದ್ದೇನೆಂಬ ಸುದ್ದಿ ನಮ್ಮ ಬಂಧುವರ್ಗದಲ್ಲಿ ಹರಡಿದ್ದು ಒಂದು ಮದುವೆಮನೆಯಲ್ಲಿ. ನಮ್ಮ ಯಜಮಾನರು ಯಾರೊಡನೆಯೋ ‘ಇವಳಿಗೆ ಡಾಲರಿನಲ್ಲಿ ಸಂಬಳ’ ಎಂದುಬಿಟ್ಟಿದ್ದರು. ಎಷ್ಟು ಡಾಲರ್ ಎಂದು ಕೇಳುವಷ್ಟರಲ್ಲಿ ಎರಡನೆಯ ಪಂಕ್ತಿಗೆ ಎಲೆ ಹಾಕಿದ್ದರಿಂದ ಎಲ್ಲರೂ ಊಟಕ್ಕೆ ಎದ್ದುಹೋದರು. ನನ್ನ ಮಾನ ಉಳಿಯಿತು.

ಶಿವಮೊಗ್ಗದ ಒಂದು ಮುದ್ರಣಾಲಯದಲ್ಲಿ ಹದಿನಾಲ್ಕು ವರ್ಷ ಪ್ರೂಫ್ ನೋಡಿದವಳು ನಾನು. ಕೆಲಸ ಕಡಿಮೆಯಾಗಿ ಮಾಲೀಕರು ಯಂತ್ರಗಳನ್ನು ಮಾರಿದ ಮೇಲೆ, ಮನೆಯಲ್ಲಿಯೇ ಕುಳಿತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡಬಹುದೆಂದು ಯಾರೋ ಹೇಳಿದ್ದನ್ನು ನಂಬಿ ಈ ಸಂತೆಗೆ ಬಂದೆ. ಸಂತೆಯೆಂದೇ ಕರೆಯಬೇಕು. ಇಸ್ರೇಲಿನಲ್ಲಿ 2010ರಲ್ಲಿ ಆರಂಭವಾದ ಫೈವರ್ ಎಂಬ ತಾಣದಲ್ಲಿ ಮೊದಮೊದಲು ಯಾವ ಸೇವೆಗಾದರೂ ಐದೇ ಡಾಲರ್ ಬೆಲೆಯಿತ್ತು, ಹೆಸರು ಬಂದದ್ದೂ ಆ ಐದರಿಂದಲೇ. ಅಲ್ಲಿ ನಾವು ಅಂಗಡಿ ತೆರೆದು ಗಿರಾಕಿಗಾಗಿ ಕಾಯಬೇಕು. ಈಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಸಂಸ್ಥೆಗಳು ಒಂದಾಗಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ತಳೆದ ತಾಣದಲ್ಲಿ ಗಿರಾಕಿ ಕೆಲಸವನ್ನು ಸಾರುತ್ತಾನೆ, ನಾವು ಅರ್ಜಿ ಹಾಕಬೇಕು. ಅರ್ಜಿ ಹಾಕಲು ಬೇಕಾದ ‘ಕನೆಕ್ಟ್’ಗಳನ್ನೂ ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ. ನಾನು ಸೇರಿದ್ದು ಯಾವುದೆಂಬುದು ಇಲ್ಲಿ ಬೇಡ. ಅಲ್ಲಿಯೂ ಐದು ಡಾಲರ್ ದುಡಿದರೆ ಒಂದು ಡಾಲರ್ ತಾಣಕ್ಕೆ, ನಾಲ್ಕು ನನಗೆ ಎಂಬ ಲೆಕ್ಕವಿತ್ತು. ಆ ನಾಲ್ಕೂ ಕೆಲಸ ಮುಗಿದ ಹದಿನಾಲ್ಕು ದಿನ ತಾಣದ ಬಳಿಯೇ ಇದ್ದು ಆಮೇಲೆ ಕೈಗೆ ಬರುತ್ತಿದ್ದವು. ಸೇರುವಾಗ ಓದಬೇಕಾಗಿದ್ದ ಈ ನಿಯಮವನ್ನು ನಾನು ಓದಿದ್ದು ಹದಿಮೂರನೆಯ ದಿನ, ಹಣ ಕಳುವಾಗಿದೆಯೆಂದು ದೂರು ಬರೆಯುವಾಗ.

ಮೊದಲ ತಪ್ಪು ಪ್ರೊಫೈಲಿನದು. ಅನುವಾದ, ಪ್ರೂಫ್, ಟೈಪಿಂಗ್, ಲಗ್ನಪತ್ರಿಕೆ, ಹುಟ್ಟುಹಬ್ಬದ ಕವನ, ಶ್ರದ್ಧಾಂಜಲಿ, ಧ್ವನಿಮುದ್ರಣ ಎಂದು ಹದಿನೇಳು ಕೆಲಸಗಳನ್ನು ಪಟ್ಟಿ ಮಾಡಿದ್ದೆ. ಕವನ ಬೇಕಾದವನು ಬಂದು ಶ್ರದ್ಧಾಂಜಲಿ ನೋಡಿ ಹಿಂದಿರುಗಿದನೋ ಏನೋ, ನಲವತ್ತೊಂದು ದಿನ ಒಂದು ನೊಣವೂ ಸುಳಿಯಲಿಲ್ಲ. ಚಿತ್ರವೋ, ಯಾರದೋ ಗೃಹಪ್ರವೇಶದಲ್ಲಿ ತೆಗೆದದ್ದು. ಎಷ್ಟು ಕತ್ತರಿಸಿದರೂ ಎಡಮೂಲೆಯಲ್ಲಿ ಕೋಸಂಬರಿಯ ಪಾತ್ರೆ ಹಿಡಿದ ಒಂದು ಕೈ ಉಳಿದೇ ಇತ್ತು. ಕೊನೆಗೆ ಪಟ್ಟಿಯನ್ನೆಲ್ಲ ಹೊಡೆದುಹಾಕಿ, ‘ಆಸ್ಪತ್ರೆಯ ಕರಪತ್ರ ಹಾಗೂ ಬಳಕೆದಾರರ ಕೈಪಿಡಿಗಳ ಕನ್ನಡ ಅನುವಾದ’ ಎಂಬ ಒಂದೇ ಸಾಲು ಬರೆದು, ಬಿಳಿ ಗೋಡೆಯ ಮುಂದೆ ಹೊಸ ಚಿತ್ರ ತೆಗೆಸಿಕೊಂಡ ವಾರದಲ್ಲಿ ಮೊದಲ ಸಂದೇಶ ಬಂತು.

ಬಂದವನು ಗಿರಾಕಿಯಲ್ಲ, ಪರೀಕ್ಷಕ. ದೊಡ್ಡ ಪುಸ್ತಕವೊಂದರ ಅನುವಾದ ಕೊಡುವುದಾಗಿಯೂ, ಮೊದಲು ಮಾದರಿಗಾಗಿ ಏಳನೆಯ ಅಧ್ಯಾಯವನ್ನು ಉಚಿತವಾಗಿ ಮಾಡಿ ತೋರಿಸಬೇಕೆಂದೂ ಬರೆದಿದ್ದ. ‘ನೋ ಪ್ರಾಬ್ಲಮ್ ಸರ್’ ಎಂದು ಉತ್ತರಿಸಿದೆ. ಪರವಾಗಿಲ್ಲ ಎಂಬ ನಮ್ಮ ಮಾತಿಗೆ ನನಗೆ ಗೊತ್ತಿದ್ದ ಇಂಗ್ಲಿಷ್ ಅದೊಂದೇ, ಮುಂದಿನ ಆರು ತಿಂಗಳು ನಾನು ಅತಿ ಹೆಚ್ಚು ಬಳಸಿದ ಪದಗಳೂ ಅವೇ. ಮೂರು ರಾತ್ರಿ ಕುಳಿತು ಮಾಡಿ ಕಳಿಸಿದ ಮೇಲೆ ಆತ ಮಾಯವಾದ. ಬಹಳ ದಿನಗಳ ನಂತರ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಾಗ ಮಾತಿಗೆ ಮಾತು ಬಂದು, ತಾವೂ ಒಂದು ಮಾದರಿ ಕೆಲಸ ಮಾಡಿ ಮೋಸ ಹೋದುದಾಗಿ ಹೇಳಿದರು. ಅವರಿಗೆ ಬಂದಿದ್ದುದು ಎಂಟನೆಯ ಅಧ್ಯಾಯ. ಈಗ ಯಾರು ಮಾದರಿ ಕೇಳಿದರೂ ನೂರು ಪದ ಮೀರಿ ಕೊಡುವುದಿಲ್ಲ. ಟೆಲಿಗ್ರಾಮಿಗೆ ಬನ್ನಿ, ನೋಂದಣಿ ಶುಲ್ಕ ಕಟ್ಟಿ ಎನ್ನುವವರಿಗೆ ಉತ್ತರವನ್ನೇ ಬರೆಯುವುದಿಲ್ಲ. ಕೆಲಸ ಕೊಡುವವನು ನಮ್ಮಿಂದಲೇ ದುಡ್ಡು ಕೇಳಿದನೆಂದರೆ ಕೆಲಸ ಮಾಡುತ್ತಿರುವವನು ಅವನು.

ಮೊದಲ ನಿಜವಾದ ಕೆಲಸ ಒಂದು ಬಟ್ಟೆ ಒಗೆಯುವ ಯಂತ್ರದ ಕೈಪಿಡಿ: ಇಂಗ್ಲಿಷಿನಲ್ಲಿ 4,000 ಪದ, ಪದವೊಂದಕ್ಕೆ 3 ಸೆಂಟ್. ‘ಸಿದ್ಧವಾದ ಕನ್ನಡ ಪಠ್ಯದ ಪದಗಳನ್ನು ಎಣಿಸಿ ಹಣ ಕೊಡುತ್ತೇವೆ, ಆಗಬಹುದೇ?’ ಎಂದು ಕೇಳಿದರು. ನೋ ಪ್ರಾಬ್ಲಮ್ ಎಂದೆ. ಕನ್ನಡದ ಸ್ವಭಾವ ತಿಳಿದವರು ಈಗಾಗಲೇ ನಕ್ಕಿರುತ್ತಾರೆ. ‘ಯೂ ಮೇ ನಾಟ್ ಬಿ ಏಬಲ್ ಟು ಕಮ್’ ಎಂದರೆ ಏಳು ಪದ, 21 ಸೆಂಟ್. ಅದನ್ನೇ ‘ನಿಮಗೆ ಬರಲಾಗದಿರಬಹುದು’ ಎಂದರೆ ಎರಡು ಪದ, 6 ಸೆಂಟ್. ನಮ್ಮ ಭಾಷೆಯಲ್ಲಿ ವಿಭಕ್ತಿ, ಕಾಲ, ನಿಷೇಧ, ಸಂಶಯ ಎಲ್ಲವೂ ಒಂದೇ ಪದದ ಬಾಲ ಹಿಡಿದು ಬಂದುಬಿಡುತ್ತವೆ, ಟಿಕೆಟು ಮಾತ್ರ ಒಂದೇ. ಲೋಪಸಂಧಿಯಲ್ಲಿ ಸ್ವರ ಲೋಪವಾಗುತ್ತದೆಂದು ಶಾಲೆಯಲ್ಲಿ ಓದಿದ್ದೆ. ಹಣವೂ ಲೋಪವಾಗುತ್ತದೆಂದು ಮೇಷ್ಟ್ರು ಹೇಳಿರಲಿಲ್ಲ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ವಿಷಯ ಅರ್ಥವಾಗಿ, ‘ಒಗೆಯಬೇಕಾಗುತ್ತದೆ’ ಎಂಬುದನ್ನು ‘ಒಗೆಯ ಬೇಕು ಆಗುತ್ತದೆ’ ಎಂದು ಬಿಡಿಸಿ 9 ಸೆಂಟ್ ಮಾಡಿಕೊಳ್ಳುವ ಆಸೆ ಹುಟ್ಟಿದ್ದು ನಿಜ. ಆದರೆ ಹದಿನಾಲ್ಕು ವರ್ಷ ಇಂಥ ಅನವಶ್ಯಕ ಜಾಗಗಳನ್ನೇ ಕೆಂಪು ಶಾಯಿಯಲ್ಲಿ ಕೂಡಿಸಿದ ಕೈ ಕೇಳಬೇಕಲ್ಲ. ಬಿಡಿಸಿದ ಹತ್ತು ನಿಮಿಷಕ್ಕೆ ತಾನಾಗಿ ಹೋಗಿ ಮತ್ತೆ ಕೂಡಿಸಿ ಬಂತು. ಕೆಲಸ ಮುಗಿದಾಗ ಕನ್ನಡದಲ್ಲಿದ್ದುದು 2,600 ಪದ. 120 ಡಾಲರಿನ ಕೆಲಸ 78 ಆಯಿತು, ತಾಣದ ಪಾಲು ಕಳೆದು 62 ಡಾಲರ್ 40 ಸೆಂಟ್ ಉಳಿಯಿತು. ಅನುವಾದಕ್ಕೆ ಇಳಿಯುವ ಕನ್ನಡಿಗರು ಮೂಲದ ಪದಗಳನ್ನು ಎಣಿಸಿಯೇ ದರ ಹೇಳಬೇಕೆಂಬ ಒಂದು ಮಾತನ್ನು ಮಾತ್ರ ನಾನು ಅಧಿಕಾರದಿಂದ ಹೇಳಬಲ್ಲೆ. ಅದಕ್ಕೆ ನಾನು ಕಟ್ಟಿದ ಶುಲ್ಕ 42 ಡಾಲರ್.

ದಿನಾಂಕದ ಕಥೆ ಚಿಕ್ಕದು. ಅಮೆರಿಕದ ಗಿರಾಕಿಯೊಬ್ಬರು 04/05ರೊಳಗೆ ಬೇಕು ಎಂದಿದ್ದರು. ಮೇ 4 ಬರಲು ಇನ್ನೂ ತಿಂಗಳಿಗೂ ಮಿಕ್ಕಿ ಸಮಯವಿದೆಯೆಂದು ನಾನು ಬೇಸಿಗೆಯ ಸಂಡಿಗೆ ಹಾಕಲು ಮಹಡಿಗೆ ಹೋದೆ. ಏಪ್ರಿಲ್ 6ರ ಬೆಳಿಗ್ಗೆ ಕೈಯೆಲ್ಲ ಸಂಡಿಗೆ ಹಿಟ್ಟಾಗಿದ್ದಾಗ ‘ಎಲ್ಲಿ?’ ಎಂಬ ಸಂದೇಶ ಬಂತು. ಅವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅವರ ಗಡಿಯಾರವೂ ಹೀಗೆಯೇ. ನವೆಂಬರಿನ ಮೊದಲ ಭಾನುವಾರ ಅದು ಒಂದು ಗಂಟೆ ಹಿಂದಕ್ಕೆ ಸರಿಯುವುದರಿಂದ, ನ್ಯೂಯಾರ್ಕಿನ ಬೆಳಗಿನ ಹತ್ತೂವರೆ ನಮಗೆ ಅಲ್ಲಿಯವರೆಗೆ ರಾತ್ರಿ ಎಂಟಾಗಿದ್ದುದು ಒಂಬತ್ತಾಗುತ್ತದೆ. ಅದು ತಿಳಿಯದೆ ಒಂದು ಸೋಮವಾರ ಗಿರಾಕಿಯ ವಿಡಿಯೊ ಕರೆಗಾಗಿ ಇಸ್ತ್ರಿ ಮಾಡಿದ ಸೀರೆಯುಟ್ಟು ಲ್ಯಾಪ್‌ಟಾಪಿನ ಮುಂದೆ ಒಂದು ಗಂಟೆ ಕುಳಿತಿದ್ದಾಗ ನಮ್ಮ ಅತ್ತೆಯವರು, ‘ನಾವು ಹೆಣ್ಣು ನೋಡಲು ಬಂದ ದಿನವೂ ನೀನು ಇಷ್ಟು ಹೊತ್ತು ಕಾದಿರಲಿಲ್ಲ’ ಎಂದರು.

ಇವೆಲ್ಲ ನನ್ನದೇ ಅಜ್ಞಾನದ ಫಲಗಳಾದ್ದರಿಂದ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಒತ್ತಕ್ಷರದ ಪ್ರಕರಣ. ಸಕ್ಕರೆ ಕಾಯಿಲೆಯ ಬಗೆಗಿನ ಒಂದು ಕರಪತ್ರವನ್ನು ಎರಡೆರಡು ಸಲ ಓದಿ, ಅಲ್ಪಪ್ರಾಣ ಮಹಾಪ್ರಾಣಗಳನ್ನೆಲ್ಲ ಸರಿಪಡಿಸಿ ಕಳಿಸಿದ್ದೆ. ನಾಲ್ಕು ದಿನಗಳ ಮೇಲೆ ಗಿರಾಕಿ, ನಮ್ಮ ಕಚೇರಿಯ ಭಾರತೀಯ ಮಿತ್ರರೊಬ್ಬರು ನಿಮ್ಮ ಕೆಲಸದ ತುಂಬ ಕಾಗುಣಿತ ದೋಷಗಳಿವೆ ಎನ್ನುತ್ತಿದ್ದಾರೆ ಎಂದು ಬರೆದ. ಪ್ರೂಫ್ ನೋಡಿದವಳಿಗೆ ಕಾಗುಣಿತ ತಪ್ಪೆಂದು ಹೇಳುವುದೂ ಅಡುಗೆಭಟ್ಟರಿಗೆ ಸಾರಿಗೆ ಉಪ್ಪಿಲ್ಲವೆಂದು ಹೇಳುವುದೂ ಒಂದೇ. ಅವನು ಲಗತ್ತಿಸಿದ್ದ ವಿನ್ಯಾಸವನ್ನು ತೆರೆದು ನೋಡಿದರೆ, ನನ್ನ ‘ವೈದ್ಯರನ್ನು’ ಅಲ್ಲಿ ‘ವೈದ್‌ಯರನ್‌ನು’ ಆಗಿತ್ತು. ‘ಸಕ್ಕರೆ’ ಎಂಬುದು ‘ಸಕ್‌ಕರೆ’ಯಾಗಿ, ಒತ್ತುಗಳೆಲ್ಲ ಕೆಳಗಿನ ಮನೆ ಖಾಲಿ ಮಾಡಿ ಮೇಲಿನ ಸಾಲಿಗೆ ಬಾಡಿಗೆಗೆ ಬಂದಿದ್ದವು. ವಿನ್ಯಾಸಕಾರ ಕನ್ನಡ ಬಲ್ಲವನಲ್ಲ; ನಕಲು ಮಾಡಿ ಅಂಟಿಸಿದ್ದ, ಅಷ್ಟೇ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಎಂಬ ಆಯ್ಕೆಯನ್ನು ಒತ್ತದಿದ್ದರೆ ಭಾರತೀಯ ಲಿಪಿಗಳು ಹೀಗೆ ಬಿಡಿಬಿಡಿಯಾಗಿ ನಿಲ್ಲುತ್ತವೆಂಬುದನ್ನು ಹುಡುಕಿ ತಿಳಿದು, ಬಾಣದ ಗುರುತು ಹಾಕಿದ ಚಿತ್ರಗಳೊಂದಿಗೆ ಬರೆದು ಕಳಿಸಲು ನನಗೆ ಒಂದೂವರೆ ದಿನ ಹಿಡಿಯಿತು. ಆ ಪಾಠಕ್ಕೆ ಬಿಲ್ಲು ಹಾಕಬಹುದಾಗಿತ್ತು. ‘ನೋ ಪ್ರಾಬ್ಲಮ್’ ಎಂದು ಮುಗಿಸಿದೆ. ಅಂದಿನಿಂದ ಪ್ರತಿ ಕಡತದ ಜೊತೆಗೆ ಒಂದು ಪಿಡಿಎಫ್ ಕಳಿಸಿ, ‘ಅಕ್ಷರಗಳು ಹೀಗೆಯೇ ಕಾಣಬೇಕು, ಬೇರೆ ಥರ ಕಂಡರೆ ಮೊದಲು ನನಗೆ ತಿಳಿಸಿ, ಮಿತ್ರರಿಗಲ್ಲ’ ಎಂದು ಬರೆಯುತ್ತೇನೆ.

ಇನ್ನು ನ್ಯೂಜೆರ್ಸಿಯ ಕನ್ನಡಿಗರೊಬ್ಬರ ವಿಷಯ. ಊರಿನಲ್ಲಿ ನಡೆಯಲಿದ್ದ ತಾಯಿಯ ಸಹಸ್ರಚಂದ್ರದರ್ಶನ ಶಾಂತಿಗೆ ಕನ್ನಡದಲ್ಲಿ ಆಮಂತ್ರಣ ಪತ್ರಿಕೆ ಬೇಕೆಂದು ಅವರು 15 ಡಾಲರಿಗೆ ಆರ್ಡರ್ ಕೊಟ್ಟರು. ಒಂದು ಪುಟ, ನಮ್ಮವರೇ, ಅಮ್ಮನ ಕಾರ್ಯಕ್ರಮ. ಒಂದು ಗಂಟೆಯಲ್ಲಿ ಮುಗಿಯಿತೆಂದುಕೊಂಡೆ. ಆದರೆ ಅಂಗಡಿ ತೆರೆದ ಹೊಸದರಲ್ಲಿ ಗಿರಾಕಿಗಳನ್ನು ಸೆಳೆಯಲು ‘ಎಷ್ಟು ಸಲ ಬೇಕಾದರೂ ತಿದ್ದಿಕೊಡಲಾಗುವುದು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆನಲ್ಲ, ಅದನ್ನು ಇವರು ಓದಿದ್ದರು. ಧಾರವಾಡದ ಅಣ್ಣನಿಗೂ ಬೆಂಗಳೂರಿನ ತಂಗಿಗೂ ಓದಿ ಹೇಳಿದ್ದರು.

ಎರಡನೆಯ ತಿದ್ದುಪಡಿಯಲ್ಲಿ ‘ನಮ್ಮ ಅಮ್ಮನವರ’ ಎಂಬುದನ್ನು ಅಣ್ಣ ‘ನಮ್ಮ ಅವ್ವನವರ’ ಎಂದು ಮಾಡಿಸಿದರು. ಮೂರನೆಯದರಲ್ಲಿ ತಂಗಿ ಮತ್ತೆ ಅಮ್ಮನನ್ನು ಕರೆತಂದರು. ನಾಲ್ಕನೆಯದರಲ್ಲಿ ನಾನು ‘ಮಾತೃಶ್ರೀಯವರ’ ಎಂಬ ರಾಜಿಸೂತ್ರ ಮುಂದಿಟ್ಟು ಯುದ್ಧ ನಿಲ್ಲಿಸಿದೆ. ಐದನೆಯದು ಕೆಳಗಿನ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂಬ ಸಾಲಿನದು. ಎಂಬತ್ತು ದಾಟಿದ ಅವ್ವನಿಗೆ ಆಶೀರ್ವಾದ ಮಾಡುವಷ್ಟು ಹಿರಿಯರು ಕರೆಯುವವರ ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಅಣ್ಣ ಕೇಳಿದ್ದರು. ಪ್ರಶ್ನೆ ನ್ಯಾಯವಾಗಿತ್ತು, ಹುಡುಕಿದಾಗ ತಾಯಿಯ ಸೋದರಮಾವ ಒಬ್ಬರು ಸಿಕ್ಕಿದರಾದರೂ, ಅವರೊಬ್ಬರಿಗಾಗಿ ಸಾಲನ್ನು ಉಳಿಸುವುದು ಬೇಡವೆಂದು ತೀರ್ಮಾನವಾಗಿ ‘ತಮ್ಮ ಆಗಮನವೇ ಉಡುಗೊರೆ’ ಎಂದಾಯಿತು. ಮುಂದಿನವು ಸೊಸೆಯರ ಹೆಸರುಗಳ ಹಿಂದುಮುಂದು, ‘ಸೌ.’ ಎಂದೋ ‘ಶ್ರೀಮತಿ’ ಎಂದೋ ಎಂಬ ಚರ್ಚೆ, ಬಿಟ್ಟುಹೋದ ಅಳಿಯ. ಹನ್ನೊಂದನೆಯ ಸಲ, ‘ಎಲ್ಲರೂ ಕೂತು ನೋಡಿದೆವು, ಎರಡನೆಯದೇ ಚೆನ್ನಾಗಿತ್ತು’ ಎಂಬ ಸಂದೇಶ ಬಂತು. ನಾನು ಏನು ಉತ್ತರಿಸಿದೆನೆಂದು ಬೇರೆ ಹೇಳಬೇಕಾಗಿಲ್ಲ. ಇವರು ಕನ್ನಡಿಗರಾದ್ದರಿಂದ ಈ ಸಲ ಕನ್ನಡದಲ್ಲಿಯೇ ಬರೆದೆ: ‘ಪರವಾಗಿಲ್ಲ ಸರ್.’

ಕೈಗೆ ಬಂದದ್ದು 12 ಡಾಲರ್. ಅದಾದರೂ ಸರಿ, ಅದರ ಬೆನ್ನಿಗೆ ಅವರ ವಿಮರ್ಶೆಯೂ ಬಂತು. ಐದರಲ್ಲಿ ನಾಲ್ಕು ನಕ್ಷತ್ರ, ಕೆಳಗೆ ಒಂದೇ ಪದ: ‘ಪರವಾಗಿಲ್ಲ.’ ಕನ್ನಡ ಬಾರದ ಗಿರಾಕಿಗಳಿಗೆ ಅನುಕೂಲವಾಗಲೆಂದು ತಾಣದ ಯಂತ್ರ ಅದರಡಿಯಲ್ಲಿ ಇಂಗ್ಲಿಷ್ ಅನುವಾದವನ್ನೂ ಒದಗಿಸಿತ್ತು: ‘ಇಟ್ ಡಸ್ ನಾಟ್ ಮ್ಯಾಟರ್.’ ಅನುವಾದಕಿಯ ಅಂಗಡಿಯ ಬಾಗಿಲಿನಲ್ಲಿ ತೂಗುಹಾಕಲು ಇದಕ್ಕಿಂತ ಕೆಟ್ಟ ಫಲಕವನ್ನು ಯೋಚಿಸಿ ಬರೆದರೂ ಬರೆಯಲಾಗುತ್ತಿರಲಿಲ್ಲ. ವಿಮರ್ಶೆ ಬದಲಿಸಿರೆಂದು ಗಿರಾಕಿಯನ್ನು ಒತ್ತಾಯಿಸುವುದು ನಿಯಮಕ್ಕೆ ವಿರುದ್ಧವಾದ್ದರಿಂದ, ಕೆಲಸದಲ್ಲಿ ಏನಾದರೂ ಕೊರತೆಯಾಯಿತೇ ಎಂದಷ್ಟೇ ವಿನಯದಿಂದ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ‘ಏನ್ರೀ ಮೇಡಂ, ನಾನು ಇಂಜಿನಿಯರಿಂಗ್‌ನಲ್ಲಿ ಡಿಸ್ಟಿಂಕ್ಷನ್ ತಗೊಂಡಾಗ ನಮ್ಮ ಅವ್ವ ಪರವಾಗಿಲ್ಲ ಅಂತಷ್ಟೇ ಅಂದಿದ್ಲು. ನಾನು ಭಾಳ ಮೆಚ್ಚಿಯೇ ಬರೆದೀನಿ’ ಎಂದು ಉತ್ತರ ಬರೆದರು. ಆ ಒಂದು ನಕ್ಷತ್ರ ಯಾಕೆ ಹೋಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಪೂರ್ತಿ ಅಂಕ ದೇವರಿಗೆ ಮೀಸಲು ಎಂದು ನಂಬಿದ ಮೇಷ್ಟ್ರುಗಳ ಕೈಯಲ್ಲಿ ನಾವಿಬ್ಬರೂ ಓದಿದವರಲ್ಲವೇ.

ಬ್ಯಾಂಕಿನಲ್ಲಿ ಹೊರದೇಶದ ಹಣ ಯಾವ ಉದ್ದೇಶಕ್ಕೆ ಬಂದಿದೆಯೆಂಬ ಪರ್ಪಸ್ ಕೋಡ್ ತುಂಬಬೇಕಾಗಿದ್ದಾಗ ಗುಮಾಸ್ತರು ‘ಮಗ ಕಳಿಸಿದ್ದಾ?’ ಎಂದು ಕೇಳಿದ್ದನ್ನೂ, ನನ್ನ ಮಗ ಇನ್ನೂ ಒಂಬತ್ತನೆಯ ತರಗತಿಯಲ್ಲಿದ್ದಾನೆಂದು ನಾನು ಹೇಳಿದ್ದನ್ನೂ ಅಣ್ಣನ ಮಗನಿಗೆ ವಿವರಿಸಿದೆ. ಆದಾಯ ತೆರಿಗೆಯ ರಿಟರ್ನ್ಸ್‌ನಲ್ಲಿ ಈ ಡಾಲರುಗಳನ್ನೂ ತೋರಿಸಲೇಬೇಕೆಂದೆ. ಸೇವೆಗಳ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿಯೂ ಆಗಬೇಕಂತೆ ಎಂದು ಅವನೇ ನನಗೆ ತಿಳಿಸಿದ. ಆ ಕಷ್ಟವೊಂದು ಬರಲೆಂದು ನಾನು ದಿನವೂ ದೇವರನ್ನು ಬೇಡುತ್ತಿದ್ದೇನೆ.

ಆಮೇಲೆ ಅವನು ತಾನು ಸಿದ್ಧಪಡಿಸಿದ್ದ ಸೇವೆಯ ವಿವರಣೆಯನ್ನು ತೋರಿಸಿದ. ಚೆನ್ನಾಗಿತ್ತು, ಒಂದೇ ಕೆಲಸ, ಒಂದೇ ಬೆಲೆ, ಬಿಳಿ ಗೋಡೆಯ ಮುಂದಿನ ಚಿತ್ರ. ಕೊನೆಯ ಸಾಲಿನಲ್ಲಿ ಮಾತ್ರ ‘ಎಷ್ಟು ಸಲ ಬೇಕಾದರೂ ತಿದ್ದಿಕೊಡಲಾಗುವುದು’ ಎಂದಿತ್ತು. ಹಳೆಯ ಅಭ್ಯಾಸದಂತೆ ಕೆಂಪು ಪೆನ್ನಿಗೆ ಕೈ ಹೋಯಿತು, ಪರದೆಯೆಂದು ನೆನಪಾಗಿ ಬೆರಳಿನಿಂದಲೇ ತೋರಿಸಿ, ‘ಎರಡು ಸಲ ಅಂತ ಮಾಡು. ಮೂರನೆಯದಕ್ಕೆ ಐದು ಡಾಲರ್ ಅಂತ ಬರಿ’ ಎಂದೆ.

ಹುಡುಗ ಒಂದು ಕ್ಷಣ ತಾರಸಿಯನ್ನು ನೋಡಿದ.

‘ಐದು ಹಾಕಿದ್ರೆ ಕೈಗೆ ನಾಲ್ಕೇ ಬರೋದು ಅತ್ತೆ. ಆರೂಕಾಲು ಹಾಕ್ತೀನಿ’ ಎಂದ.